ಒಂದು ತಿಂಗಳು ಮಾಂಸ ಬಿಟ್ಟು ನೋಡೋಣ ಅಂತಿದ್ದೇನೆ. ನೀವು ಯಾರಾದರೂ ಬಿಟ್ಟಿದ್ದೀರಾ? ಯಾಕೆ ಬಿಟ್ಟಿರಿ, ಹೇಗಿತ್ತು?

ನಾನು ಎರಡು ಸಲ ಬಿಟ್ಟವಳು. ಮೊದಲ ಸಲ 19 ದಿನಕ್ಕೆ ಮುಗಿಯಿತು. ಎರಡನೇ ಸಲ ಬಿಟ್ಟಿದ್ದು ಈಗ ಆರು ವರ್ಷವಾದರೂ ಹಾಗೇ ನಡೆದಿದೆ. ಎರಡು ಸಲವೂ ಅಡುಗೆಮನೆ ಅದೇ, ನಾಲಿಗೆ ಅದೇ. ಬೇರೆಯಾಗಿದ್ದು ಕಾರಣ ಮಾತ್ರ. ನೀವು ಪ್ರಶ್ನೆಯ ಕೆಳಗೆ ‘ಕಾರಣ ಏನಾದರೇನು, ಬಿಟ್ಟರೆ ಸಾಕಲ್ವಾ’ ಅಂತ ಬರೆದಿದ್ದೀರಿ. ಅದನ್ನು ಮಾತ್ರ ನಾನು ಒಪ್ಪುವುದಿಲ್ಲ.

ಮೊದಲ ಸಲ ಬಿಟ್ಟಿದ್ದು ಆರೋಗ್ಯಕ್ಕೆ. ರಕ್ತ ಪರೀಕ್ಷೆಯಲ್ಲಿ ಕೊಲೆಸ್ಟ್ರಾಲ್ ಜಾಸ್ತಿ ಬಂತು. ಅದೇ ದಿನಗಳಲ್ಲಿ, ಸಂಸ್ಕರಿಸಿದ ಮಾಂಸ ಕ್ಯಾನ್ಸರ್ ತರುತ್ತದೆ ಅಂತ 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಹೇಳಿದ್ದನ್ನು ಓದಿದೆ. ದಿನಕ್ಕೆ 50 ಗ್ರಾಂ ಸಾಸೇಜು, ಬೇಕನ್ ಥರದ್ದು ತಿಂದರೆ ದೊಡ್ಡ ಕರುಳಿನ ಕ್ಯಾನ್ಸರಿನ ಅಪಾಯ ಸುಮಾರು ಶೇ. 18ರಷ್ಟು ಏರುತ್ತದೆ ಅನ್ನೋದು ಅವರ ಲೆಕ್ಕ. ನಾನು ಅದನ್ನು ನೂರರಲ್ಲಿ 18 ಜನಕ್ಕೆ ಬರುತ್ತದೆ ಅಂತ ತಿಳಿದು ಹೆದರಿದೆ. ಹಾಗಲ್ಲ ಅದು. ಮೊದಲೇ ಇರುವ ಸಣ್ಣ ಅಪಾಯದ ಮೇಲೆ ಶೇ. 18 ಸೇರುತ್ತದೆ, ಅಷ್ಟೇ. ಇದು ಗೊತ್ತಾದ ದಿನವೇ ನನ್ನ ಹಟ ಅರ್ಧ ಇಳಿದುಹೋಯಿತು. 19ನೇ ದಿನ ಗೆಳತಿಯ ಮನೆಯಲ್ಲಿ ಊಟಕ್ಕೆ ಕೂತಾಗ ‘ಒಂದು ತುಂಡಿನಿಂದ ಏನಾಗುತ್ತೆ’ ಅನಿಸಿತು. ನಿಜವಾಗಿಯೂ ಒಂದು ತುಂಡಿನಿಂದ ಏನೂ ಆಗುವುದಿಲ್ಲ. ಆರೋಗ್ಯದ ಕಾರಣದ ಜೊತೆ ಹೀಗೆ ದಿನಾ ಚೌಕಾಸಿ ಮಾಡಬಹುದು. ಚೌಕಾಸಿ ಮಾಡುತ್ತಾ ಹೋದರೆ ಕೊನೆಗೆ ಗೆಲ್ಲುವುದು ಹಸಿವೆಯೇ.

ಆಮೇಲೆ ಗೊತ್ತಾಯಿತು, ಗಾಂಧೀಜಿ ಇದನ್ನೇ 1931ರ ನವೆಂಬರ್‌ನಲ್ಲಿ ಲಂಡನ್ನಿನ ಸಸ್ಯಾಹಾರಿಗಳ ಸಂಘದಲ್ಲಿ ಹೇಳಿದ್ದರಂತೆ. ಬರೀ ಆರೋಗ್ಯಕ್ಕಾಗಿ ಸಸ್ಯಾಹಾರ ಹಿಡಿದವರು ಹೆಚ್ಚಾಗಿ ಹಿಂದೆ ಬೀಳುತ್ತಾರೆ, ಅದಕ್ಕೊಂದು ನೈತಿಕ ಆಧಾರ ಬೇಕು ಅನ್ನೋದು ಅವರ ಮಾತಿನ ಸಾರ. ನನ್ನ 19 ದಿನದ ಕಥೆಯನ್ನೇ ಹೇಳಿದಂತಿತ್ತು.

ಎರಡನೇ ಸಲ ನಾನು ಯೋಚನೆ ಮಾಡಿ ಬಿಟ್ಟಿದ್ದಲ್ಲ. ಒಂದು ಬೆಳಿಗ್ಗೆ ಕೋಳಿ ಶುಚಿ ಮಾಡುತ್ತಿದ್ದೆ. ಅದಕ್ಕೂ ಮುಂಚೆ ನೂರಾರು ಸಲ ಮಾಡಿದ ಕೆಲಸವೇ. ಅವತ್ತು ತಂದಿದ್ದು ಮೊಟ್ಟೆ ಇಡುವ ಹೇಂಟೆ. ಹೊಟ್ಟೆಯೊಳಗೆ ಕೈ ಹಾಕಿದಾಗ ಇನ್ನೂ ಬೆಚ್ಚಗಿತ್ತು. ಕೈಗೆ ಒಂದು ಗೊಂಚಲು ಬಂತು. ಮೊಟ್ಟೆಯ ಹಳದಿ ಭಂಡಾರಗಳು, ಒಂದಕ್ಕಿಂತ ಒಂದು ದೊಡ್ಡವು. ಸಾಸಿವೆ ಕಾಳಿನಷ್ಟು, ಬಟಾಣಿಯಷ್ಟು, ಗೋಲಿಯಷ್ಟು. ಸಾಲಾಗಿ ನಾಳೆ, ನಾಡಿದ್ದು, ಆಚೆ ನಾಡಿದ್ದು ಅಂತ ಕಾಯುತ್ತಿದ್ದ ಹಾಗೆ. ಅದರ ಪಕ್ಕದಲ್ಲೇ ಇನ್ನೊಂದು, ಪೂರ್ತಿ ಮೊಟ್ಟೆ. ಚಿಪ್ಪು ಬಂದಿತ್ತು, ಆದರೆ ಗಟ್ಟಿಯಾಗಿರಲಿಲ್ಲ. ಬೆರಳಿಟ್ಟರೆ ಒದ್ದೆ ಕಾಗದದ ಹಾಗೆ ತಗ್ಗುತ್ತಿತ್ತು. ಕೋಳಿಯ ಹೊಟ್ಟೆಯಲ್ಲಿ ಒಂದು ಮೊಟ್ಟೆ ತಯಾರಾಗಲು ಸುಮಾರು 25 ಗಂಟೆ ಬೇಕು, ಅದರಲ್ಲಿ 20 ಗಂಟೆ ಚಿಪ್ಪಿಗೇ ಹೋಗುತ್ತದೆ. ಅಂದರೆ ಆ ಜೀವ ಸಾಯುವ ಗಳಿಗೆಯಲ್ಲೂ ತನ್ನ ಕೆಲಸ ಮಾಡುತ್ತಲೇ ಇತ್ತು. ನಾನು ಕೈ ತೊಳೆದುಕೊಂಡು ಹೊರಗೆ ಬಂದು ಕೂತೆ. ಅವತ್ತಿನಿಂದ ತಿಂದಿಲ್ಲ. ತಿನ್ನಬಾರದು ಅಂತ ಹಟ ಹಿಡಿಯುವ ಅಗತ್ಯವೂ ಬೀಳಲಿಲ್ಲ.

ಪರಿಸರದ ಕಾರಣವೂ ದೊಡ್ಡದೇ. ಮನುಷ್ಯರಿಂದ ಹೊರಬರುವ ಹಸಿರುಮನೆ ಅನಿಲಗಳಲ್ಲಿ ಶೇ. 14.5ರಷ್ಟು ಸಾಕುಪ್ರಾಣಿಗಳ ಕಡೆಯಿಂದ ಬರುತ್ತದೆ ಅಂತ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2013ರಲ್ಲಿ ಲೆಕ್ಕ ಕೊಟ್ಟಿತ್ತು. ಆದರೆ ಇಲ್ಲೊಂದು ತೊಡಕಿದೆ, ಗಮನಿಸಿ. ಮೆಲುಕು ಹಾಕುವ ದನ, ಕುರಿ ಮೀಥೇನ್ ಅನ್ನುವ ಹಸಿರುಮನೆ ಅನಿಲವನ್ನು ಬಿಡುತ್ತವೆ, ಕೋಳಿ ಬಿಡುವುದು ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ಹವಾಮಾನಕ್ಕಾಗಿ ಬಿಡುವವರು ದನ, ಕುರಿ ಬಿಟ್ಟು ಕೋಳಿಗೆ ಬಂದರೂ ಲಾಭವೇ. ಜೀವದ ಲೆಕ್ಕ ಹಾಕಿದರೆ ಇದು ಪೂರ್ತಿ ತಲೆಕೆಳಗು. ಒಂದು ದನದ ಮಾಂಸದಷ್ಟು ಬೇಕಾದರೆ ನೂರಕ್ಕೂ ಹೆಚ್ಚು ಕೋಳಿ ಸಾಯಬೇಕು. ಕಾರಣ ಬದಲಾದರೆ ತಟ್ಟೆಯೇ ಬದಲಾಗುತ್ತದೆ. ನಿಮ್ಮ ಕಾರಣ ಯಾವುದು ಅಂತ ಮೊದಲು ಕೇಳಿಕೊಳ್ಳಿ ಅನ್ನೋದು ಇದಕ್ಕೇ.

ಇನ್ನು, ಹೇಗಿತ್ತು ಅಂತ ಕೇಳಿದಿರಿ. ಮೊದಲ ಎರಡು ವಾರ ಯಾವಾಗಲೂ ಹಸಿವು. ತಪ್ಪು ನನ್ನದೇ. ತಟ್ಟೆಯಿಂದ ಮಾಂಸ ತೆಗೆದೆ, ಆ ಜಾಗಕ್ಕೆ ಏನೂ ಹಾಕಲಿಲ್ಲ. ಬರೀ ಧಾನ್ಯ, ತರಕಾರಿ ತಿಂದರೆ ಎರಡು ಗಂಟೆಗೆ ಮತ್ತೆ ಹಸಿವಾಗುತ್ತದೆ. ವಯಸ್ಕರಿಗೆ ದಿನಕ್ಕೆ ಒಂದು ಕಿಲೋ ತೂಕಕ್ಕೆ 0.8 ಗ್ರಾಂ ಪ್ರೋಟೀನ್ ಬೇಕು ಅನ್ನೋದು ಸಾಮಾನ್ಯ ಲೆಕ್ಕ. 60 ಕಿಲೋ ಇದ್ದರೆ 48 ಗ್ರಾಂ. ಬೇಳೆ, ಕಾಳು, ಸೋಯಾ, ಮೊಸರು ಹೊಟ್ಟೆ ತುಂಬುವಷ್ಟು ತಿಂದರೆ ಇದು ಕಷ್ಟವಲ್ಲ. ತೆಳ್ಳಗೆ ನೀರು ಮಾಡಿದ ಬೇಳೆಯಿಂದ ಮಾತ್ರ ಆಗುವುದಿಲ್ಲ, ಗಟ್ಟಿಯಾಗಿರಬೇಕು. ಧಾನ್ಯದಲ್ಲಿ ಕಡಿಮೆ ಇರುವ ಲೈಸಿನ್ ಅನ್ನುವ ಪ್ರೋಟೀನಿನ ಅಂಶ ಬೇಳೆಯಲ್ಲಿ ಸಿಗುತ್ತದೆ. ಎರಡನ್ನೂ ಒಂದೇ ಊಟದಲ್ಲಿ ತಿನ್ನಲೇಬೇಕು ಅಂತೇನಿಲ್ಲ, ಒಂದೇ ದಿನದಲ್ಲಿ ತಿಂದರೆ ಸಾಕು.

ನಾಲಿಗೆಯ ಆಸೆ ಬೇರೆ ವಿಷಯ. ನನಗೆ ಬೇಕೆನಿಸುತ್ತಿದ್ದದ್ದು ಮಾಂಸ ಅಂತ ತಿಳಿದಿದ್ದೆ. ನಿಜಕ್ಕೂ ಬೇಕಾಗಿದ್ದು ಹುರಿದ ಕಂಪು ಮತ್ತು ಆ ಉಪ್ಪುಪ್ಪಾದ ಗಾಢ ರುಚಿ. ಅಣಬೆಯನ್ನು ದೊಡ್ಡ ಉರಿಯಲ್ಲಿ, ಬಾಣಲೆ ತುಂಬಿಸದೆ, ನೀರೆಲ್ಲ ಆರಿ ಅಂಚು ಕಂದಾಗುವವರೆಗೆ ಹುರಿಯಿರಿ. ಉಪ್ಪು ಕೊನೆಗೆ ಹಾಕಿ. ಈರುಳ್ಳಿಯನ್ನೂ ಅವಸರ ಮಾಡದೆ ಕಂದು ಬಣ್ಣಕ್ಕೆ ತನ್ನಿ. ಆಮೇಲೆ ಟೊಮ್ಯಾಟೊ. ನನ್ನ ಆಸೆ ಮುಕ್ಕಾಲು ಪಾಲು ಇದರಿಂದಲೇ ತಣ್ಣಗಾಯಿತು.

ಸೊಪ್ಪು, ಕಾಳಿನ ಕಬ್ಬಿಣಾಂಶ ಮಾಂಸದ್ದರಷ್ಟು ಸುಲಭವಾಗಿ ಮೈಗೆ ಹತ್ತುವುದಿಲ್ಲ. ಮೇಲೆ ನಿಂಬೆ ಹಿಂಡಿಕೊಳ್ಳಿ, ಊಟದ ಜೊತೆ ಟೀ, ಕಾಫಿ ಬೇಡ.

ವಿಟಮಿನ್ ಬಿ12 ವಿಷಯವನ್ನು ಮಾತ್ರ ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ನಾನು ತೆಗೆದುಕೊಂಡೆ. ಎರಡೂವರೆ ವರ್ಷದ ಹೊತ್ತಿಗೆ ರಾತ್ರಿ ಪಾದ ಜುಮ್ ಅನ್ನುತ್ತಿತ್ತು. ಸುಮ್ನೆ ನಿಂತು ಕೆಲಸ ಮಾಡಿದ್ದಕ್ಕೆ ಅಂದುಕೊಂಡೆ. ಆಮೇಲೆ ನಾಲಿಗೆ ಉರಿ, ಮೆಟ್ಟಿಲು ಹತ್ತಿದರೆ ಸುಸ್ತು. ಪರೀಕ್ಷೆ ಮಾಡಿಸಿದರೆ ಬಿ12 140 ಇತ್ತು. 200ಕ್ಕಿಂತ ಕೆಳಗಿದ್ದರೆ ಕೊರತೆ ಅಂತ ಡಾಕ್ಟರು ವಿವರಿಸಿದರು. ಗಿಡದಿಂದ ಬರುವ ಆಹಾರದಲ್ಲಿ ಬಿ12 ಇಲ್ಲವೆಂದೇ ಹೇಳಬೇಕು. ಹಾಲು, ಮೊಸರಿನಲ್ಲಿ ಸ್ವಲ್ಪ ಇದೆ. ಯಕೃತ್ತಿನಲ್ಲಿ ವರ್ಷಗಟ್ಟಲೆಗೆ ಆಗುವಷ್ಟು ಕೂಡಿಟ್ಟಿರುತ್ತದೆ, ಅದಕ್ಕೇ ಕೊರತೆ ಗೊತ್ತಾಗುವುದು ತಡ. ಕೊರತೆಯನ್ನು ಬಹಳ ದಿನ ಹಾಗೇ ಬಿಟ್ಟರೆ ನರಗಳಿಗೆ ಆದ ಪೆಟ್ಟು ಪೂರ್ತಿ ವಾಸಿಯಾಗದೆಯೂ ಇರಬಹುದು. ನನಗೆ ಇಂಜೆಕ್ಷನ್ ಕೊಟ್ಟರು, ಈಗ ಮಾತ್ರೆ. ಪಾದ ಸರಿಯಾಗಲು ನಾಲ್ಕು ತಿಂಗಳು ಹಿಡಿಯಿತು.

ಹಾಲಿನ ಬಗ್ಗೆ ಯಾರಾದರೂ ಕೇಳೇ ಕೇಳುತ್ತಾರೆ. ಹಸು ಕರು ಹಾಕದೆ ಹಾಲು ಬರುವುದಿಲ್ಲ, ಗಂಡು ಕರುವಿನ ಗತಿ ಏನು ಅನ್ನೋದೂ ನನಗೆ ಗೊತ್ತು. ಮೊಟ್ಟೆ ಬಿಟ್ಟಿದ್ದೇನೆ, ಹಾಲು ಇನ್ನೂ ಬಿಟ್ಟಿಲ್ಲ. ನನ್ನ ಕಾರಣದ ದಾರಿಯಲ್ಲೇ ನಡೆದರೆ ಒಂದು ದಿನ ಅದನ್ನೂ ಬಿಡಬೇಕಾಗುತ್ತದೆ. ಸದ್ಯಕ್ಕೆ ಆಗಿಲ್ಲ, ಅದು ನನ್ನನ್ನು ಕಾಡುತ್ತದೆ.

ಮನೆಯವರು ಈಗಲೂ ಮಾಂಸ ತಿನ್ನುತ್ತಾರೆ. ನಾವು ಒಟ್ಟಿಗೇ ಊಟಕ್ಕೆ ಕೂರುತ್ತೇವೆ. ಆ ಹೇಂಟೆಯ ಕಥೆಯನ್ನು ಊಟದ ಹೊತ್ತಿನಲ್ಲಿ ಒಂದು ದಿನವೂ ಹೇಳಿಲ್ಲ. ಮಗಳು ಒಮ್ಮೆ ತಾನಾಗಿ ಕೇಳಿದಳು, ಆಗ ಹೇಳಿದೆ.

ನೀವು ಶುರು ಮಾಡುವ ಮುಂಚೆ ಒಂದು ಸಲ ಬಿ12, ಹಿಮೋಗ್ಲೋಬಿನ್, ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣಾಂಶ ಎಷ್ಟಿದೆ ಅಂತ ತೋರಿಸುವುದು) ಪರೀಕ್ಷೆ ಮಾಡಿಸಿ, ಸಂಖ್ಯೆಗಳನ್ನು ಬರೆದಿಡಿ. ತಿಂಗಳು ಮುಗಿದ ಮೇಲೂ ಮುಂದುವರಿಸುವ ಮನಸ್ಸಾದರೆ ಆಗ ಅದು ಬೇಕಾಗುತ್ತದೆ.