ಮುರುಗಲು ಬಾಟಲಿಗೆ ಹೂಡಿಕೆದಾರರು ಬೇಕೇ?

ಪ್ರಶ್ನೆ: ನಾನು ಶಿರಸಿ ಹತ್ತಿರದ ಹಳ್ಳಿಯವಳು. ಬೆಂಗಳೂರಿನ ಸಾಫ್ಟ್‌ವೇರ್ ಕೆಲಸ ಬಿಟ್ಟು ಊರಿಗೆ ಬಂದು ವರ್ಷವಾಯಿತು. ಕುಮಟಾದ ಗೆಳೆಯನ ಜೊತೆ ಸೇರಿ ಮುರುಗಲು (ಕೋಕಂ) ಸಿರಪ್ ಮಾಡಿ ಆನ್‌ಲೈನ್‌ನಲ್ಲಿ ಮಾರುತ್ತಿದ್ದೇನೆ. ಆರು ತಿಂಗಳಲ್ಲಿ 400 ಬಾಟಲಿ ಹೋಗಿದೆ, ಹೆಚ್ಚಿನವು ಬೆಂಗಳೂರಿಗೆ. 750 ಎಂಎಲ್ ಬಾಟಲಿಗೆ 220 ರೂಪಾಯಿ, ಕೊರಿಯರ್ ಫ್ರೀ. ಬರುವ ಸೀಸನ್‌ನಲ್ಲಿ 5,000 ಬಾಟಲಿ ಮಾಡುವ ಯೋಚನೆ ಇದೆ. ಪ್ರೈವೇಟ್ ಲಿಮಿಟೆಡ್ ಕಂಪನಿ ಮಾಡಿ ಹೂಡಿಕೆದಾರರನ್ನು ಹುಡುಕಬೇಕೇ? ಗೆಳೆಯ ಇನ್ನೂ ಕೆಲಸದಲ್ಲಿದ್ದಾನೆ, ಶನಿವಾರ ಭಾನುವಾರ ಮಾತ್ರ ಬರುತ್ತಾನೆ. ಪಾಲು ಅರ್ಧರ್ಧ ಎಂದು ಮಾತಾಗಿದೆ. ಖರ್ಚಿನ ಪಟ್ಟಿ ಜೊತೆಗಿದೆ.

ಉತ್ತರ: ಪಟ್ಟಿ ಕಳಿಸಿದ್ದು ಒಳ್ಳೆಯದಾಯಿತು. ಎಷ್ಟೋ ಜನ ಅದನ್ನು ಬಿಟ್ಟು ಲೋಗೊ ಕಳಿಸುತ್ತಾರೆ. ಕಂಪನಿ ಮಾತು ಆಮೇಲೆ, ಮೊದಲು ಒಂದು ಬಾಟಲಿ ಕೈಗೆತ್ತಿಕೊಳ್ಳೋಣ.

ಹಣ್ಣು, ಸಕ್ಕರೆ, ಬಾಟಲಿ, ಮುಚ್ಚಳ, ಲೇಬಲ್ ಸೇರಿ 95 ರೂಪಾಯಿ ಎಂದು ಬರೆದಿದ್ದೀರಿ. ಡಬ್ಬಿ, ಬಬಲ್ ಶೀಟ್ 22. ಕೊರಿಯರ್ 80. ಹಣ ಪಾವತಿಯ ಆ್ಯಪ್‌ನವರು ಹಿಡಿಯುವುದು 5. ಉಳಿದದ್ದು 18. ಇಪ್ಪತ್ತಕ್ಕೆ ಒಂದು ಬಾಟಲಿ ದಾರಿಯಲ್ಲಿ ಒಡೆಯುತ್ತದೆ ಎಂದೂ ಹೇಳಿದ್ದೀರಿ. ಅದಕ್ಕೆ ಬದಲಿ ಕಳಿಸುವ ಖರ್ಚು ಹಂಚಿದರೆ ಬಾಟಲಿಗೆ ಇನ್ನೊಂದು 10 ಹೋಯಿತು. ಕೊನೆಗೆ ಸಿಕ್ಕಿದ್ದು ಎಂಟು ರೂಪಾಯಿ. 400 ಬಾಟಲಿಗೆ 3,200. ನಿಮ್ಮ ಆರು ತಿಂಗಳ ದುಡಿಮೆಗೆ ಇದರಲ್ಲಿ ಸಂಬಳವೇ ಇಲ್ಲ, ಅಲ್ವಾ? 5,000 ಬಾಟಲಿ ಮಾರಿದರೂ 40,000 ಅಷ್ಟೇ. ಯಾರೋ ದುಡ್ಡು ಹಾಕಿದ ಮಾತ್ರಕ್ಕೆ ಈ ಎಂಟು ಹದಿನೆಂಟಾಗುವುದಿಲ್ಲ.

ತಿನ್ನುತ್ತಿರುವುದು ಗಾಜು ಮತ್ತು ತೂಕ. ತುಂಬಿದ ಬಾಟಲಿಯನ್ನು ಡಬ್ಬಿ ಸಮೇತ ತಕ್ಕಡಿಗೆ ಇಡಿ. ಒಂದೂವರೆ ಕೆಜಿ ಸ್ವಲ್ಪ ದಾಟಿದರೂ ಕೊರಿಯರ್‌ನವರು ಎರಡು ಕೆಜಿ ಎಂದೇ ಹಿಡಿಯುತ್ತಾರೆ, ಏಕೆಂದರೆ ಅವರ ಲೆಕ್ಕ ಸಾಮಾನ್ಯವಾಗಿ ಅರ್ಧ ಕೆಜಿ ಮೆಟ್ಟಿಲಿನದು. ಡಬ್ಬಿ ದೊಡ್ಡದಾದರೆ ಇನ್ನೊಂದು ಪೆಟ್ಟು: ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರ್‌ನಲ್ಲಿ ಗುಣಿಸಿ 5,000ದಿಂದ ಭಾಗಿಸುತ್ತಾರೆ. ಅದಕ್ಕೂ ನಿಜವಾದ ತೂಕಕ್ಕೂ ಯಾವುದು ಜಾಸ್ತಿಯೋ ಅದಕ್ಕೆ ಬಿಲ್. ಹಾಗಾಗಿ ಒಂಟಿ ಬಾಟಲಿ ಕಳಿಸುವುದು ನಿಲ್ಲಿಸಿ. ಮೂರರ ಪೆಟ್ಟಿಗೆ ಮಾಡಿ, ಕೊರಿಯರ್ ಫ್ರೀ ಎನ್ನುವುದನ್ನು ತೆಗೆಯಿರಿ. ಒಣಗಿಸಿದ ಮುರುಗಲು ಸಿಪ್ಪೆಯನ್ನೂ ಮಾರಿ. ಅದು ಹಗುರ, ಒಡೆಯುವುದೂ ಇಲ್ಲ. ಬೀಜ ಎಸೆಯುತ್ತಿದ್ದರೆ ಅದನ್ನೂ ನಿಲ್ಲಿಸಿ, ಅದರ ತುಪ್ಪಕ್ಕೆ ಗಿರಾಕಿ ಇದ್ದಾರೆ.

ಇನ್ನೊಂದು, ಊರ ಅಂಗಡಿಗಳನ್ನು ಯಾಕೆ ಬಿಟ್ಟಿರಿ? ಅಂಗಡಿಯವರು ಕಾಲು ಭಾಗ ಇಟ್ಟುಕೊಂಡರೂ ನಿಮಗೆ 165 ಬರುತ್ತದೆ, 95 ಕಳೆದರೆ 70. ಸಾಗಾಟಕ್ಕೆ ಹತ್ತು ಹೋಗಲಿ. ಎಂಟೆಲ್ಲಿ, ಅರವತ್ತೆಲ್ಲಿ! ಶಿರಸಿಯ ಟಿಎಸ್‌ಎಸ್ ಸೂಪರ್ ಮಾರ್ಕೆಟ್‌ನಲ್ಲಿ ಕೇಳಿ ನೋಡಿ, ಗೋಕರ್ಣ, ಯಾಣದ ದಾರಿಯ ಹೋಂಸ್ಟೇಗಳಲ್ಲಿ ವಿಚಾರಿಸಿ. ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆಯಲ್ಲಿ ಒಂದು ಮಳಿಗೆ ಹಾಕಿದರೆ ಜನ ಕುಡಿದು ಏನಂತಾರೆ ಎಂದು ಎದುರಿಗೇ ಗೊತ್ತಾಗುತ್ತದೆ. ಅಂಗಡಿಯವರು ದುಡ್ಡು ಕೊಡುವುದು ತಿಂಗಳು, ಎರಡು ತಿಂಗಳು ತಡ. ಅದನ್ನು ಲೆಕ್ಕಕ್ಕೆ ಹಿಡಿಯಿರಿ.

ನಿಮಗೆ ನಿಜವಾಗಿ ದುಡ್ಡು ಬೇಕಾಗುವುದು ಹಣ್ಣಿನ ಸೀಸನ್‌ಗೆ. ಹಣ್ಣು ಸಿಗುವುದು ಬೇಸಿಗೆಯಲ್ಲಿ, ಮಳೆ ಹಿಡಿಯುವ ಮೊದಲು. ಕೊಡುವವರು ನಗದೇ ಕೇಳುತ್ತಾರೆ. ಹಣ್ಣು, ಸಕ್ಕರೆಗೆ ಬಾಟಲಿಗೆ 60 ರೂಪಾಯಿ ಹಿಡಿದರೂ 5,000ಕ್ಕೆ ಮೂರು ಲಕ್ಷ. ಅಷ್ಟೂ ಕೆಲವೇ ವಾರದಲ್ಲಿ ಹೋಗುತ್ತದೆ, ವಾಪಸ್ ಬರಲು ವರ್ಷ ಬೇಕು. ಇದಕ್ಕೆ ಪಾಲು ಮಾರುವುದು ದುಬಾರಿ ದಾರಿ. ಮುದ್ರಾ ಯೋಜನೆಯ ಕಿಶೋರ್ ವಿಭಾಗದಲ್ಲಿ 50,000ದಿಂದ 5 ಲಕ್ಷದವರೆಗೆ ಅಡಮಾನವಿಲ್ಲದೆ ಸಾಲ ಸಿಗುತ್ತದೆ, ಅದು ಸಾಕು. ಈ ವರ್ಷ 5,000 ಬೇಡ, 1,500 ಮಾಡಿ. ನಾನೂ ಒಮ್ಮೆ ಹಲಸಿನ ಚಿಪ್ಸ್ ಮಾಡಿ ಕೈಸುಟ್ಟುಕೊಂಡವನು. ಲೆಕ್ಕದಲ್ಲಿ ಎಣ್ಣೆ ಇತ್ತು, ಹಲಸು ಇತ್ತು, ಜೂನ್ ಮಳೆ ಇರಲಿಲ್ಲ. ಪ್ಯಾಕೆಟ್ ಒಳಗೆಲ್ಲ ಮೆತ್ತಗಾಗಿ ಅರ್ಧ ಮಾಲು ವಾಪಸ್ ಬಂತು.

ಪ್ರೈವೇಟ್ ಲಿಮಿಟೆಡ್ ಈಗ ಬೇಡ. ಒಂದು ರೂಪಾಯಿ ವ್ಯಾಪಾರ ಇಲ್ಲದಿದ್ದರೂ ಪ್ರತಿವರ್ಷ ಆಡಿಟ್ ಕಡ್ಡಾಯ. ವಾರ್ಷಿಕ ಫಾರ್ಮ್ ತಡವಾದರೆ ಒಂದೊಂದಕ್ಕೆ ದಿನಕ್ಕೆ 100 ರೂಪಾಯಿ. ಅದರ ಬದಲು ಎಲ್‌ಎಲ್‌ಪಿ ಮಾಡಿ, ಅಂದರೆ ಪಾಲುದಾರರ ಹೊಣೆಗೆ ಮಿತಿ ಇರುವ ಪಾಲುದಾರಿಕೆ ಸಂಸ್ಥೆ. ಅದರಲ್ಲಿ ವಹಿವಾಟು 40 ಲಕ್ಷ ಅಥವಾ ಬಂಡವಾಳ 25 ಲಕ್ಷ ದಾಟುವವರೆಗೆ ಆಡಿಟ್ ಇಲ್ಲ. ಸ್ಟಾರ್ಟಪ್ ಇಂಡಿಯಾ ಮಾನ್ಯತೆಗೆ ಎಲ್‌ಎಲ್‌ಪಿಯೂ ಅರ್ಜಿ ಹಾಕಬಹುದು. ಜಿಎಸ್‌ಟಿ ವಿಷಯ: ರಾಜ್ಯದೊಳಗೆ ಸರಕು ಮಾರುವವರಿಗೆ 40 ಲಕ್ಷದವರೆಗೆ ನೋಂದಣಿ ಬೇಡ. ಕಾರವಾರ ದಾಟಿದರೆ ಗೋವಾ, ಕೂಗಳತೆ ದೂರ. ಆದರೆ ಅಲ್ಲಿಗೆ ಒಂದೇ ಬಾಟಲಿ ಮಾರಿದರೂ ನೋಂದಣಿ ಬೇಕು.

ಇನ್ನು ಅರ್ಧರ್ಧ. ನೀವು ಕೆಲಸ ಬಿಟ್ಟಿದ್ದೀರಿ, ಅವರು ಬಿಟ್ಟಿಲ್ಲ. ಎಂಟು ರೂಪಾಯಿ ಇರುವಾಗ ಜಗಳ ಬರುವುದಿಲ್ಲ, ಎಂಟು ಲಕ್ಷ ಆದಾಗ ಬರುತ್ತದೆ. ಎಲ್‌ಎಲ್‌ಪಿಯಲ್ಲಿ ಒಪ್ಪಂದ ಬರೆಯದೆ ಬಿಟ್ಟರೆ ಕಾನೂನೇ ಲಾಭ, ನಷ್ಟ ಎಲ್ಲಾ ಸಮಪಾಲು ಎನ್ನುತ್ತದೆ. ಆದ್ದರಿಂದ ಬರೆಯಿರಿ. ಪಾಲು ಮೊದಲ ದಿನವೇ ಪೂರ್ತಿ ಸಿಗುವುದು ಬೇಡ, ನಾಲ್ಕು ವರ್ಷದಲ್ಲಿ ದುಡಿದಷ್ಟು ಕೂಡುತ್ತಾ ಹೋಗಲಿ. ಮೊದಲ ವರ್ಷದೊಳಗೆ ಯಾರಾದರೂ ಬಿಟ್ಟರೆ ಅವರಿಗೆ ಪಾಲಿಲ್ಲ, ಹಾಕಿದ ದುಡ್ಡು ಮಾತ್ರ ವಾಪಸ್. ಅವರು ಯಾವ ತಿಂಗಳಲ್ಲಿ ಕೆಲಸ ಬಿಟ್ಟು ಬರುತ್ತಾರೆ ಎಂಬುದನ್ನೂ ಹಾಕಿ. ಕೇಳಲು ಮುಜುಗರವಾದರೆ ಈ ಉತ್ತರ ತೋರಿಸಿ, ಬೈಗುಳ ನನಗೆ ಬರಲಿ.

ಲೇಬಲ್ ಮೇಲೆ ಆಹಾರ ಸುರಕ್ಷತೆ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಎಫ್‌ಎಸ್‌ಎಸ್‌ಎಐನ 14 ಅಂಕಿಯ ಸಂಖ್ಯೆ ನಿಮ್ಮ ಫೋಟೋದಲ್ಲಿ ಕಾಣಲಿಲ್ಲ. ಮನೆ ಅಡುಗೆಮನೆಯಲ್ಲಿ ಮಾಡಿದರೂ ಅದು ಬೇಕೇ ಬೇಕು. ಹೊಸ ಲೇಬಲ್ ಅಚ್ಚಿಗೆ ಕೊಡುವ ಮೊದಲು ಅದನ್ನು ಮಾಡಿಸಿ.