ಟೋಯಿಂಗ್ ಲಾರಿಗೆ ಮೊದಲು ಗೇರ್‌ಬಾಕ್ಸ್ ಮಾಡಿಸಲೋ, ಬ್ರೇಕ್ ಮಾಡಿಸಲೋ?

ಇಳಿಜಾರಿನಲ್ಲಿ ಮೂರನೇ ಗೇರ್ ತಾನಾಗಿ ನ್ಯೂಟ್ರಲ್‌ಗೆ ಹಾರುತ್ತದೆ, ಬಿಸಿಯಾದಾಗ ಬ್ರೇಕ್ ಪೆಡಲ್ ಕೆಳಕ್ಕಿಳಿಯುತ್ತದೆ, ಕೈಯಲ್ಲಿರುವ ಹಣ ಒಂದಕ್ಕೆ ಮಾತ್ರ ಸಾಲುತ್ತದೆ ಎಂದು ಬರೆದಿದ್ದೀರಿ. ನನ್ನ ಲಾರಿಯ ಕಥೆಯನ್ನೇ ಯಾರೋ ಬರೆದಂತಿದೆ. ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ನೀವು ಎರಡು ರೋಗ ಎಂದುಕೊಂಡಿದ್ದೀರಿ. ಇರುವುದು ಒಂದೇ.

ಸಕಲೇಶಪುರದಿಂದ ಗುಂಡ್ಯದವರೆಗಿನ ಶಿರಾಡಿ ಘಾಟಿಯಲ್ಲಿ ಕೆಟ್ಟು ನಿಂತ ಗಾಡಿಗಳನ್ನು ಎಳೆದು ತರುವುದು ನನ್ನ ಕೆಲಸ. ಮಳೆಗಾಲದಲ್ಲಿ ಆ ರಸ್ತೆಯಲ್ಲಿ ಇದಕ್ಕೆ ಬಿಡುವೇ ಇರುವುದಿಲ್ಲ. ಹಳೆಯ ಮಿನಿ ಲಾರಿಯೊಂದನ್ನು ಕೊಂಡು ಹಿಂದೆ ಹುಕ್ಕು, ವಿಂಚು (ಹಗ್ಗ ಸುತ್ತಿ ಗಾಡಿ ಎಳೆಯುವ ಯಂತ್ರ) ಕಟ್ಟಿಸಿದ್ದೆ. ಅದರ ಮೂರನೇ ಗೇರ್ ಮೊದಮೊದಲು ಅಪರೂಪಕ್ಕೆ ಹಾರುತ್ತಿತ್ತು. ಹತ್ತುವಾಗ ಏನೂ ಇಲ್ಲ, ಆಕ್ಸಿಲರೇಟರ್‌ನಿಂದ ಕಾಲು ತೆಗೆದು ಇಳಿಯುವಾಗ ಮಾತ್ರ. ಲಿವರ್ ಮೇಲೆ ಎಡಗೈ ಒತ್ತಿಟ್ಟುಕೊಂಡು ಓಡಿಸುವುದನ್ನು ರೂಢಿ ಮಾಡಿಕೊಂಡೆ. ತಿರುವುಗಳಲ್ಲಿ ಎರಡೂ ಕೈ ಬೇಕಲ್ಲ, ಅದಕ್ಕೆ ಸೈಕಲ್ ಟ್ಯೂಬಿನ ಪಟ್ಟಿಯಿಂದ ಲಿವರನ್ನು ಮುಂದಕ್ಕೆ ಎಳೆದು ಕಟ್ಟಿದೆ. ಹಿರಿಯ ಚಾಲಕರೊಬ್ಬರು ಹೇಳಿಕೊಟ್ಟ ಉಪಾಯ ಅದು. ನನ್ನನ್ನು ಮುಳುಗಿಸಿದ್ದೂ ಅದೇ ಪಟ್ಟಿ.

ಏಕೆಂದು ಬಿಡಿಸಿ ಹೇಳುತ್ತೇನೆ, ಇದನ್ನು ನನಗೆ ಆಗ ಯಾರೂ ಹೇಳಲಿಲ್ಲ. ಗೇರ್‌ಬಾಕ್ಸ್ ಒಳಗೆ ಸ್ಲೀವ್ ಎಂಬ ಹಲ್ಲಿನ ಬಳೆಯೊಂದು ಸರಿದು ಗೇರಿನ ಹಲ್ಲುಗಳನ್ನು ಹಿಡಿದುಕೊಳ್ಳುತ್ತದೆ. ಅದನ್ನು ಸರಿಸುವುದು ಫೋರ್ಕ್, ಲಿವರ್ ಅಲುಗಿಸುವ ಕವಲು. ಸರಿದ ಮೇಲೆ ಅಲ್ಲೇ ನಿಲ್ಲಿಸುವುದು ಲಾಕ್ ಸ್ಪ್ರಿಂಗ್, ಅದರ ಗುಂಡು ಮತ್ತು ಆ ಹಲ್ಲುಗಳ ಆಕಾರ. ಹತ್ತುವಾಗ ಎಂಜಿನ್ ಚಕ್ರವನ್ನು ತಿರುಗಿಸುತ್ತದೆ, ಇಳಿಯುವಾಗ ಚಕ್ರವೇ ಎಂಜಿನ್ನನ್ನು ತಿರುಗಿಸುತ್ತದೆ. ಒತ್ತಡ ಹಲ್ಲಿನ ಇನ್ನೊಂದು ಮಗ್ಗುಲಿಗೆ ಬೀಳುತ್ತದೆ. ಆ ಮಗ್ಗುಲು ಸವೆದು ದುಂಡಾಗಿದ್ದರೆ ಸ್ಲೀವ್ ಹಿಂದಕ್ಕೆ ಜಾರುತ್ತದೆ. ನಾವು ಲಿವರನ್ನು ಒತ್ತಿ ಹಿಡಿದಾಗ, ಸುತ್ತುತ್ತಿರುವ ಸ್ಲೀವಿಗೆ ಫೋರ್ಕ್ ಒಂದೇ ಸಮನೆ ಉಜ್ಜುತ್ತದೆ. ಗೇರ್ ಬಿದ್ದ ಮೇಲೆ ಫೋರ್ಕಿಗೆ ಭಾರ ಇರಬಾರದು, ಅದನ್ನು ಮಾಡಿರುವುದೇ ಹಾಗೆ. ಉಜ್ಜಿ ಉಜ್ಜಿ ಫೋರ್ಕ್ ತೆಳುವಾಯಿತು. ತೆಳುವಾದ ಫೋರ್ಕ್ ಸ್ಲೀವನ್ನು ಪೂರ್ತಿ ಒಳಕ್ಕೆ ತಳ್ಳಲಾರದು. ಹಲ್ಲುಗಳು ತುದಿಯಲ್ಲಷ್ಟೇ ಹಿಡಿದವು, ಇನ್ನೂ ಬೇಗ ಸವೆದವು, ಗೇರ್ ಇನ್ನೂ ಹೆಚ್ಚು ಹಾರತೊಡಗಿತು, ನಾನು ಪಟ್ಟಿಯನ್ನು ಇನ್ನೂ ಬಿಗಿಗೊಳಿಸಿದೆ. ಆರಂಭದಲ್ಲಿ ಸ್ಪ್ರಿಂಗ್ ಬದಲಿಸಿದ್ದರೆ ಮುಗಿಯುತ್ತಿದ್ದುದನ್ನು ಪೂರ್ತಿ ಗೇರ್‌ಬಾಕ್ಸಿನ ಖರ್ಚಿಗೆ ನಾನೇ ಒಯ್ದು ಮುಟ್ಟಿಸಿದೆ.

ಬ್ರೇಕ್ ಕೆಟ್ಟದ್ದೂ ಅಲ್ಲಿಂದಲೇ. ಗೇರ್ ನಂಬಿಕೆಗೆ ಇಲ್ಲದಾಗ ಕಾಲು ತಾನಾಗಿ ಬ್ರೇಕ್ ಮೇಲೆಯೇ ಕೂರುತ್ತದೆ. ಲಾರಿ ಮತ್ತು ಹುಕ್ಕಿನಲ್ಲಿರುವ ಗಾಡಿ ಸೇರಿ 7 ಟನ್ ಎಂದಿಟ್ಟುಕೊಳ್ಳಿ. ಅದು 500 ಮೀಟರ್ ಎತ್ತರ ಇಳಿದರೆ ಹುಟ್ಟುವ ಶಾಖ ನೂರು ಲೀಟರ್ ತಣ್ಣೀರನ್ನು ಕುದಿಸಲು ಸಾಕು. ಗೇರ್ ನಿಂತು ಎಂಜಿನ್ ವೇಗವನ್ನು ತಡೆದರೆ ಅದರಲ್ಲಿ ಬಹುಪಾಲು ಎಂಜಿನ್ನಿನಲ್ಲೇ ಕಳೆದುಹೋಗುತ್ತದೆ. ತಡೆಯದಿದ್ದರೆ ಎಲ್ಲವೂ ಚಕ್ರದ ಬ್ರೇಕ್ ಡ್ರಮ್ಮಿಗೆ. ಕಾದ ಡ್ರಮ್ ಹಿಗ್ಗುತ್ತದೆ, ಅದಕ್ಕೆ ಉಜ್ಜಿ ತಡೆಯುವ ಲೈನರ್ ಹೊಳಪೇರಿ ಹಿಡಿತ ಬಿಡುತ್ತದೆ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತಾ ಹೋಗುತ್ತದೆ. ಡಾಟ್ 3 ಎಂಬ ದರ್ಜೆಯ ಆಯಿಲ್ ಹೊಸದಾಗಿದ್ದಾಗ ಕನಿಷ್ಠ 205 ಡಿಗ್ರಿಯವರೆಗೆ ಕುದಿಯಬಾರದು ಎಂಬ ಮಾನದಂಡವಿದೆ. ತೇವ ಹಿಡಿದ ಆಯಿಲ್‌ಗೆ ಆ ಮಿತಿ 140 ಡಿಗ್ರಿ ಮಾತ್ರ. ಕುದಿದರೆ ಪೈಪಿನಲ್ಲಿ ಆವಿ ತುಂಬುತ್ತದೆ, ಪೆಡಲ್ ಒತ್ತಿದರೆ ಆವಿ ಕುಗ್ಗುತ್ತದೆಯೇ ಹೊರತು ಚಕ್ರಕ್ಕೆ ಒತ್ತಡ ತಲುಪುವುದಿಲ್ಲ. ನಾನು ಲೈನರ್ ಹಾಕಿಸಿದೆ, ಸುಟ್ಟಿತು, ಮತ್ತೆ ಹಾಕಿಸಿದೆ. ಹಾಕಿಸಿದವರ ಕೈಗುಣವನ್ನು ದೂರಿದೆ. ಅವರ ಕೆಲಸದಲ್ಲಿ ತಪ್ಪಿರಲಿಲ್ಲ.

ಒಂದು ಸಂಜೆ, ಮಳೆಯಲ್ಲಿ, ಮಾರನಹಳ್ಳಿ ದಾಟಿ ಇಳಿಯುವಾಗ ಪಟ್ಟಿ ಕಿತ್ತುಬಂತು. ಹಿಂದೆ ಸರಕು ತುಂಬಿದ ಪಿಕಪ್ ಇತ್ತು. ಗೇರ್ ಮತ್ತೆ ಹಾಕಲು ನೋಡಿದೆ, ವೇಗ ಏರಿಬಿಟ್ಟಿದ್ದರಿಂದ ಕರಕರ ಸದ್ದಷ್ಟೇ ಬಂತು. ಪೆಡಲ್ ನೆಲ ಮುಟ್ಟಿತು. ಗುಡ್ಡದ ಬದಿಯ ಚರಂಡಿಗೆ ಇಳಿಸಿ ಧರೆಗೆ ಉಜ್ಜಿ ನಿಲ್ಲಿಸಿದೆ. ಪಕ್ಕದಲ್ಲಿದ್ದ ಹುಡುಗನ ಭುಜದ ಮೂಳೆ ಮುರಿಯಿತು. ಎದುರಿನಿಂದ ಬಸ್ ಬಂದಿದ್ದರೆ ಈ ಉತ್ತರ ಬರೆಯಲು ನಾನಿರುತ್ತಿರಲಿಲ್ಲ. ಅವನ ಆಸ್ಪತ್ರೆ, ಎರಡು ಗಾಡಿಗಳ ರಿಪೇರಿ, ಕೆಲಸವಿಲ್ಲದ ತಿಂಗಳುಗಳು: ಆ ಹಣದಲ್ಲಿ ಗೇರ್‌ಬಾಕ್ಸ್, ಬ್ರೇಕ್ ಎರಡನ್ನೂ ಮಾಡಿಸಿ ಇನ್ನೂ ಉಳಿಯುತ್ತಿತ್ತು.

ಹಾಗಾಗಿ ನನ್ನ ಮಾತು ಕಟುವಾಗಿದ್ದರೆ ಸಹಿಸಿಕೊಳ್ಳಿ. ಲಿವರ್ ಕಟ್ಟಿದ್ದರೆ ಇಂದೇ ಬಿಚ್ಚಿ. ಗೇರ್‌ಬಾಕ್ಸ್ ಇಳಿಸುವ ಮೊದಲು ಅದರ ಮೌಂಟಿಂಗ್ ರಬ್ಬರ್‌ಗಳನ್ನೂ ಲಿವರಿನ ಕೊಂಡಿಗಳನ್ನೂ ನೋಡಿಸಿ. ರಬ್ಬರ್ ಹರಿದು ಗೇರ್‌ಬಾಕ್ಸ್ ಅಲುಗಾಡಿದರೂ ಗೇರ್ ಹಾರುತ್ತದೆ, ಅದು ಸಣ್ಣ ಖರ್ಚು. ಅದಲ್ಲವಾದರೆ ಬಿಚ್ಚಿಸಲೇಬೇಕು. ಬಿಚ್ಚಿದಾಗ ಎದುರೇ ನಿಂತು ಫೋರ್ಕ್, ಸ್ಲೀವ್, ಗೇರ್ ಬೀಳುವ ಮುನ್ನ ವೇಗ ಹೊಂದಿಸುವ ಸಿಂಕ್ರೋ ರಿಂಗ್, ಈ ಮೂರನ್ನೂ ನೋಡಿ. ಗೇರ್ ಒಂದನ್ನು ಮಾತ್ರ ಬದಲಿಸಿ ಹಳೆಯ ಫೋರ್ಕನ್ನೇ ಕೂರಿಸಿದರೆ ಮತ್ತೆ ಅದೇ ಪಾಡು. ಬ್ರೇಕ್ ಆಯಿಲನ್ನು ಪೂರ್ತಿ ಹೊರತೆಗೆದು ಹೊಸದು ಹಾಕಿಸಿ, ಮೇಲಿಂದ ಸ್ವಲ್ಪ ಸುರಿದರೆ ಸಾಲದು.

ಭಾರವಾದ ಗಾಡಿಯ ಮುಂಭಾಗ ಎತ್ತಿ ಹುಕ್ಕಿಗೆ ಹಾಕಿದಾಗ ನಿಮ್ಮ ಲಾರಿಯ ಮುಂದಿನ ಆಕ್ಸಲ್ ಹಗುರವಾಗುತ್ತದೆ ಎಂಬುದೂ ನೆನಪಿರಲಿ. ಬ್ರೇಕ್ ಹೊಸದಾಗಿದ್ದರೂ ಮುಂದಿನ ಚಕ್ರಕ್ಕೆ ರಸ್ತೆಯ ಹಿಡಿತ ಕಡಿಮೆ. 1989ರ ರಸ್ತೆ ನಿಯಮಾವಳಿ ಕೆಟ್ಟ ಗಾಡಿಯನ್ನು ಎಳೆಯುವಾಗ ಗಂಟೆಗೆ 24 ಕಿ.ಮೀ. ಮೀರಬಾರದು ಎಂದಿತ್ತು. ಅದು ಅತಿಯಾಯಿತು ಎಂದು ನನಗನ್ನಿಸುತ್ತಿತ್ತು. ಈಗ ಘಾಟಿ ಇಳಿಯುವ ಮೊದಲೇ ಎರಡನೇ ಗೇರ್ ಹಾಕಿ, ಅದರ ವೇಗದಲ್ಲೇ ಕೆಳಗಿನವರೆಗೂ ಹೋಗುತ್ತೇನೆ. ಹಿಂದಿನವರು ಎಷ್ಟು ಹಾರ್ನ್ ಹೊಡೆದರೂ ಸರಿ.

ನಿಜವಾಗಿಯೂ ಹಣ ಒಂದಕ್ಕೇ ಇದ್ದರೆ ಬ್ರೇಕ್ ಮಾಡಿಸಿ, ಗೇರ್‌ಬಾಕ್ಸ್ ಸರಿಯಾಗುವವರೆಗೆ ಹುಕ್ಕಿಗೆ ಏನನ್ನೂ ಹಾಕಬೇಡಿ. ಎಳೆಯುವ ಕೆಲಸವಲ್ಲದ, ಸಮತಟ್ಟಾದ ರಸ್ತೆಯ ಬಾಡಿಗೆಗಳನ್ನು ಮಾತ್ರ ಹಿಡಿಯಿರಿ, ಇಳಿಜಾರಿನ ಕರೆ ಬಂದರೆ ಬೇರೆಯವರ ನಂಬರ್ ಕೊಡಿ.