ಮನೆಯಿಂದ ಕೊಟ್ಟಿಗೆಗೆ ನೆಲದಡಿ ಕರೆಂಟ್ ವೈರು, ಇಂಟರ್‌ನೆಟ್ ವೈರು ಎರಡನ್ನೂ ಒಂದೇ ಪೈಪಿನಲ್ಲಿ ಎಳೆಯಬಹುದಾ?

ಬೇಡ. ಒಂದೇ ಪೈಪಿನಲ್ಲಂತೂ ಖಂಡಿತ ಬೇಡ.

ನೀವು ಕೊಟ್ಟ ವಿವರ ಓದಿದರೆ ನನ್ನದೇ ಹಳೇ ಕಥೆ ಓದಿದ ಹಾಗಾಯಿತು. ಮನೆಯಿಂದ ಕೊಟ್ಟಿಗೆಗೆ 70 ಮೀಟರ್, ನಡುವೆ ಅಡಿಕೆ ತೋಟ, ಕೊಟ್ಟಿಗೆಯಲ್ಲಿ 2 ಎಚ್‌ಪಿ ಚಾಫ್ ಕಟರ್ (ಮೇವು ಕತ್ತರಿಸುವ ಮೆಷಿನ್), ಹಾಲು ಕರೆಯುವ ಮೆಷಿನ್, ನಾಲ್ಕು ಲೈಟು, ಎರಡು ಕ್ಯಾಮೆರಾ. ನಿಮ್ಮ ಎಲೆಕ್ಟ್ರಿಷಿಯನ್ ಒಂದಿಂಚಿನ ಪೈಪಿನಲ್ಲಿ 2.5ರ (ಚದರ ಮಿಲಿಮೀಟರ್ ಲೆಕ್ಕದ ದಪ್ಪ) ಕರೆಂಟ್ ವೈರು, ಅದರ ಜೊತೆಗೇ ಕ್ಯಾಟ್ 6, ಅಂದರೆ ತಾಮ್ರದ ಇಂಟರ್‌ನೆಟ್ ವೈರು, ತೂರಿಸಿಬಿಡೋಣ ಅಂದಿದ್ದಾರೆ. ನಮ್ಮಲ್ಲೂ ಹೀಗೇ ಹೇಳಿದ್ದರು. ನಾನು ಸ್ವಲ್ಪ ಜಾಣತನ ತೋರಿಸಿ ಎರಡಕ್ಕೂ ಬೇರೆ ಬೇರೆ ಪೈಪು ಹಾಕಿಸಿದೆ, ಅಷ್ಟೇ. ಕ್ಯಾಟ್ 6ಕ್ಕೆ ನೂರು ಮೀಟರ್ ತನಕ ತೊಂದರೆ ಇಲ್ಲ, ನಮ್ಮದು ಎಪ್ಪತ್ತು, ಇನ್ನೇನು ಅಂತ ನಿಶ್ಚಿಂತೆಯಿಂದಿದ್ದೆ.

ಏಪ್ರಿಲ್ ಕೊನೆಯ ಒಂದು ಸಂಜೆ, ಮಳೆ ಇನ್ನೂ ಶುರುವಾಗಿರಲಿಲ್ಲ, ಬರೀ ಗುಡುಗು. ಕೊಟ್ಟಿಗೆಯ ಆಚೆ ತೆಂಗಿನ ಮರಕ್ಕೆ ಸಿಡಿಲು ಬಡಿಯಿತು. ಮನೆಯೊಳಗೆ ರೌಟರ್, ಟಿವಿ ಬಾಕ್ಸ್, ಕ್ಯಾಮೆರಾದ ರೆಕಾರ್ಡರ್ ಮೂರೂ ಸುಟ್ಟವು. ಕೊಟ್ಟಿಗೆಯ ಬಲ್ಬು ಮಾತ್ರ ಆರಾಮಾಗಿ ಉರಿಯುತ್ತಿತ್ತು! ಮುಂದಿನ ವರ್ಷ ಮತ್ತೆ ಅದೇ ಪಾಡು. ಆಮೇಲೆ ಬುದ್ಧಿ ಬಂತು.

ವೈರು ನೆಲದಡಿ ಇದ್ದರೆ ಸಿಡಿಲಿನ ಭಯ ಇಲ್ಲ ಅಂತ ನಮ್ಮಲ್ಲಿ ಬಹಳ ಜನ ನಂಬಿದ್ದಾರೆ, ನಾನೂ ನಂಬಿದ್ದೆ. ಸಿಡಿಲು ಹತ್ತಿರ ಬಿದ್ದಾಗ ಅಲ್ಲಿಯ ನೆಲದ ವೋಲ್ಟೇಜೇ ಒಂದು ಕ್ಷಣ ಸಾವಿರಾರು ವೋಲ್ಟ್ ಏರುತ್ತದೆ. ಕೊಟ್ಟಿಗೆಯ ನೆಲ ಏರಿತು, ಮನೆಯ ನೆಲ ಅಷ್ಟು ಏರಲಿಲ್ಲ. ಎರಡರ ನಡುವೆ ತಾಮ್ರದ ವೈರು ಇದ್ದರೆ ಆ ವ್ಯತ್ಯಾಸ ಎಲ್ಲಾ ಅದರ ಮೂಲಕವೇ ಹರಿಯುತ್ತದೆ, ದಾರಿಯಲ್ಲಿ ನಿಮ್ಮ ರೌಟರ್ ಕೂತಿರುತ್ತದೆ.

ಅದಕ್ಕೇ ಇಂಟರ್‌ನೆಟ್‌ಗೆ ಫೈಬರ್ ಹಾಕಿ. ಅದು ಗಾಜಿನ ಎಳೆ, ಕರೆಂಟು ಹರಿಯಲ್ಲ. ಮನೆಯ ಕಡೆ ಒಂದು, ಕೊಟ್ಟಿಗೆ ಕಡೆ ಒಂದು ಮೀಡಿಯಾ ಕನ್ವರ್ಟರ್ (ಫೈಬರನ್ನು ಮಾಮೂಲಿ ಇಂಟರ್‌ನೆಟ್ ವೈರಿಗೆ ಜೋಡಿಸುವ ಪುಟ್ಟ ಡಬ್ಬಿ). ಫೈಬರ್ ಕೇಬಲ್‌ಗೆ ಕ್ಯಾಟ್ 6ಕ್ಕಿಂತ ಜಾಸ್ತಿ ಬೆಲೆ ಏನಿಲ್ಲ, ಕನ್ವರ್ಟರ್‌ನ ಖರ್ಚಷ್ಟೇ ಹೆಚ್ಚುವರಿ. ಒಂದೇ ಎಳೆಯ ಫೈಬರ್ ಆದರೆ ಕನ್ವರ್ಟರ್‌ಗಳಲ್ಲಿ ಒಂದು ಎ ಮಾದರಿ, ಇನ್ನೊಂದು ಅದರ ಜೋಡಿ ಬಿ ಮಾದರಿ ಇರಬೇಕು. ನನಗೆ ಎರಡೂ ಎ ಬಂದಿದ್ದವು, ಎರಡು ದಿನ ತಲೆ ಕೆರೆದುಕೊಂಡೆ. ಇನ್ನೊಂದು ವಿಷಯ, ಕೇಬಲ್ ಒಳಗೆ ಬಲಕ್ಕೆ ಅಂತ ಉಕ್ಕಿನ ತಂತಿ ಇರುವುದು ಬೇಡ. ಅದರ ಬದಲು ಲೋಹವಲ್ಲದ ಎಫ್‌ಆರ್‌ಪಿ ಕಡ್ಡಿ ಇರುವುದನ್ನೇ ಕೇಳಿ, ಇಲ್ಲದಿದ್ದರೆ ಗಾಜು ಹಾಕಿದ ಪುಣ್ಯ ಎಲ್ಲಾ ಆ ತಂತಿಯಲ್ಲೇ ಹೋಗುತ್ತದೆ. ತುದಿಗೆ ಕನೆಕ್ಟರ್ ಹಾಕುವುದಕ್ಕೆ, ಊರಿಗೆ ಇಂಟರ್‌ನೆಟ್ ಕೊಡುವ ಹುಡುಗರು ಸ್ಪ್ಲೈಸಿಂಗ್ ಮೆಷಿನ್ (ಫೈಬರ್ ಬೆಸೆಯುವ ಯಂತ್ರ) ತಂದು ಚಿಟಿಕೆಯಲ್ಲಿ ಮಾಡಿಕೊಡುತ್ತಾರೆ, ಚಹಾ ಕೊಟ್ಟು ಕೈಗೆ ಒಂದಿಷ್ಟು ದುಡ್ಡು ಇಟ್ಟರಾಯಿತು. ಕೊಟ್ಟಿಗೆಯಿಂದ ಮನೆ ನೇರ ಕಾಣುತ್ತದೆ ಅಂದರೆ ವೈರ್‌ಲೆಸ್ ಸೇತುವೆಯೂ (ವೈರಿಲ್ಲದೆ ಇಂಟರ್‌ನೆಟ್ ದಾಟಿಸುವ ಜೋಡಿ ಆಂಟೆನಾ) ಆದೀತು, ಆದರೆ ನಡುವೆ ಅಡಿಕೆ ತೋಟ ಅಂದಿದ್ದೀರಲ್ಲ, ಮಳೆಗಾಲದಲ್ಲಿ ಒದ್ದೆ ಸೋಗೆ ಸಿಗ್ನಲ್ ನುಂಗುತ್ತದೆ.

ಈಗ ಕರೆಂಟು. 2.5ರ ತಾಮ್ರದ ವೈರು ಆ ದೂರಕ್ಕೆ ಸಾಲುವುದಿಲ್ಲ. ಹೋಗಿ ಬರುವ 140 ಮೀಟರ್‌ಗೆ ಸುಮಾರು 1 ಓಮ್ ಆಗುತ್ತದೆ. 2 ಎಚ್‌ಪಿ ಸಿಂಗಲ್ ಫೇಸ್ ಮೋಟರು ಓಡುವಾಗ 11 ಆಂಪ್‌ನ ಆಸುಪಾಸು, ಅಂದರೆ 11 ವೋಲ್ಟ್ ದಾರಿಯಲ್ಲೇ ಹೋಯಿತು. ಅದನ್ನು ತಡೆದುಕೊಳ್ಳಬಹುದು. ಆದರೆ ಸ್ಟಾರ್ಟ್ ಆಗುವಾಗ ಐದು ಪಟ್ಟು ಎಳೆಯುತ್ತದಲ್ಲ, ಆಗ 50 ವೋಲ್ಟಿಗೂ ಮೇಲೆ ಬೀಳುತ್ತದೆ. ಸಂಜೆ ಹೊತ್ತು ನಮ್ಮ ಕಡೆ ಮನೆಯಲ್ಲೇ 200 ಬಂದರೆ ಪುಣ್ಯ. ಮೋಟರು ಗುಂಯ್ ಅಂದು ಸುಮ್ನೆ ನಿಂತುಬಿಡುತ್ತದೆ, ಬಿಟ್ಟರೆ ಕಾಯಿಲ್ ಸುಡುತ್ತದೆ. ಕನಿಷ್ಠ 6ರ ತಾಮ್ರ, ಇಲ್ಲವೇ 10ರ ಅಲ್ಯೂಮಿನಿಯಂ ಆರ್ಮರ್ಡ್ (ಸುತ್ತ ಉಕ್ಕಿನ ಕವಚ ಇರುವ) ಕೇಬಲ್ ಹಾಕಿ. ಎರಡರ ಓಮ್ ಲೆಕ್ಕ ಒಂದೇ, ಅಲ್ಯೂಮಿನಿಯಂ ಬಹಳ ಅಗ್ಗ. ತುದಿಯಲ್ಲಿ ತಾಮ್ರಕ್ಕೆ ಸೇರಿಸುವಾಗ ಸುಮ್ನೆ ತಿರುಚಿ ಟೇಪ್ ಸುತ್ತಬೇಡಿ, ಅದಕ್ಕೆಂದೇ ಬರುವ ಬೈಮೆಟಲ್ ಲಗ್ ಹಾಕಿಸಿ. ನೆಲದಡಿ ಎಲ್ಲೂ ಜಾಯಿಂಟ್ ಬೇಡ.

ಆರ್ಮರ್ಡ್ ಆದರೆ ಪೈಪೂ ಬೇಕಿಲ್ಲ. ಎರಡೂವರೆ ಅಡಿ ಆಳದ ಚರಂಡಿ ತೋಡಿಸಿ (ಕೇಬಲ್ ಹಾಕುವುದಕ್ಕೆ ಇರುವ ನಮ್ಮ ಭಾರತೀಯ ಮಾನಕ ಐಎಸ್ 1255 ಹೇಳುವುದೂ 75 ಸೆಂಟಿಮೀಟರ್), ಕೆಳಗೆ ಮೂರಿಂಚು ಮರಳು, ಕೇಬಲ್, ಮತ್ತೆ ಮರಳು, ಅದರ ಮೇಲೆ ಒಡೆದ ಮಂಗಳೂರು ಹೆಂಚು ಸಾಲಾಗಿ ಜೋಡಿಸಿ. ಹಿತ್ತಲಲ್ಲಿ ರಾಶಿ ಬಿದ್ದಿರುತ್ತದಲ್ಲ, ಅದಕ್ಕೊಂದು ಗತಿ ಆಯಿತು. ಹಾರೆ, ಗುದ್ದಲಿ ಮೊದಲು ಹೆಂಚಿಗೆ ತಾಗುತ್ತದೆ. ಒಂದಡಿ ಮಣ್ಣು ಹಾಕಿ ಹಳದಿ ಎಚ್ಚರಿಕೆ ಟೇಪ್, ಮತ್ತೆ ಮಣ್ಣು. ಫೈಬರ್‌ಗೆ ಮಾತ್ರ ಕಪ್ಪು ಎಚ್‌ಡಿಪಿಇ (ಗಟ್ಟಿ ಪ್ಲಾಸ್ಟಿಕ್) ಪೈಪು, ಅದೇ ಚರಂಡಿಯಲ್ಲಿ ಒಂದಡಿ ಪಕ್ಕಕ್ಕೆ. ಅದರೊಳಗೆ ಈಗಲೇ ಒಂದು ನೈಲಾನ್ ಹಗ್ಗ ಬಿಟ್ಟಿರಿ, ಮುಂದೆ ಇನ್ನೊಂದು ಕೇಬಲ್ ಎಳೆಯಲು ಬೇಕಾಗುತ್ತದೆ. ನಾರಿನ ಹಗ್ಗ ಬಿಡಬೇಡಿ, ಬೇಕಾದಾಗ ಎಳೆದರೆ ಕೈಗೆ ಬರೀ ಪುಡಿ ಬರುತ್ತದೆ. ಅಡಿಕೆ ಬುಡದ ಹತ್ತಿರ ತೋಡಬೇಡಿ, ಎರಡು ಸಾಲಿನ ನಡುವೆ ಹೋಗಿ, ಬಸಿಗಾಲುವೆ ಅಡ್ಡ ಬಂದರೆ ಅದರ ತಳಕ್ಕಿಂತ ಇನ್ನೂ ಕೆಳಗೆ. ಇಲ್ಲದಿದ್ದರೆ ಹೂಳೆತ್ತುವ ದಿನ ಯಾರದೋ ಗುದ್ದಲಿಗೆ ಸಿಗುತ್ತದೆ.

ಕೊಟ್ಟಿಗೆಯ ಅರ್ಥಿಂಗ್ ವಿಷಯದಲ್ಲಿ ಮಾತ್ರ ಒಂದು ಪೈಸೆಯೂ ಉಳಿಸಬೇಡಿ. ದನಕ್ಕೆ ನಮ್ಮಷ್ಟು ತಡೆಯಲ್ಲ. ಚಪ್ಪಲಿ ಇಲ್ಲ, ನಿಂತಿರುವುದು ಗಂಜಲದ ನೆಲ, ಮುಂಗಾಲಿಗೂ ಹಿಂಗಾಲಿಗೂ ನಡುವೆ ಅಷ್ಟು ದೂರ. ನಮಗೆ ಜುಮ್ ಅನ್ನುವಷ್ಟು ಕರೆಂಟಿಗೆ ಅದು ಬಿದ್ದು ಸಾಯಬಹುದು. ಕೊಟ್ಟಿಗೆಗೇ ಬೇರೆ ಅರ್ಥ್ ಗುಂಡಿ, ಅಲ್ಲೇ 30 ಮಿಲಿಆಂಪ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದ ತಕ್ಷಣ ಲೈನ್ ಕಡಿಯುವ ಸ್ವಿಚ್), ತಿಂಗಳಿಗೊಮ್ಮೆ ಅದರ ಟೆಸ್ಟ್ ಬಟನ್ ಒತ್ತಿ ನೋಡುವ ಅಭ್ಯಾಸ. ದನ ಕಟ್ಟುವ ಕಬ್ಬಿಣದ ಪೈಪು, ನೀರಿನ ಪೈಪು, ಕೇಬಲ್‌ನ ಆರ್ಮರ್ ಎಲ್ಲವೂ ಆ ಅರ್ಥ್‌ಗೆ ಸೇರಬೇಕು. ಕಾಂಕ್ರೀಟ್ ನೆಲ ಹಾಕಿಸುವವರಿದ್ದರೆ ಒಳಗಿನ ಸರಳಿನ ಜಾಲರಿಯೂ. ನಿಮ್ಮದು ಜಂಬಿಟ್ಟಿಗೆ ಮಣ್ಣಿನ ಜಾಗವಾದರೆ ಬೇಸಿಗೆಯಲ್ಲಿ ಅರ್ಥ್ ಗುಂಡಿಗೆ ಆಗಾಗ ಒಂದು ಕೊಡ ನೀರು. ಫೈಬರ್ ಹಾಕಿದರೂ ಕರೆಂಟಿನ ವೈರು ಲೋಹದ್ದೇ ಅಲ್ವಾ, ಹಾಗಾಗಿ ಎರಡೂ ತುದಿಯ ಬೋರ್ಡಿನಲ್ಲಿ ಸರ್ಜ್ ಪ್ರೊಟೆಕ್ಟರ್ (ದಿಢೀರ್ ಏರುವ ವೋಲ್ಟೇಜನ್ನು ಅರ್ಥ್‌ಗೆ ಬಿಡುವ ಸಾಧನ) ಇರಲಿ.

ಪಂಪ್‌ಸೆಟ್ ಲೈನಿನಿಂದಲೇ ಎಳೆದುಬಿಟ್ಟರೆ ಹೇಗೆ ಅಂತ ಕೊನೆಯಲ್ಲಿ ಕೇಳಿದ್ದೀರಿ. ಬೇಡ. ಅದು ನೀರಾವರಿಗೆ ಅಂತ ಬಿಲ್ಲಿಲ್ಲದೆ ಕೊಟ್ಟಿರುವುದು, ಸಿಕ್ಕಿಬಿದ್ದರೆ ದಂಡ. ಅದೂ ಅಲ್ಲದೆ ದಿನಕ್ಕೆ ಏಳು ತಾಸು ಬರುವ ಲೈನ್ ನಂಬಿಕೊಂಡು ಬೆಳಗಿನ ಜಾವ ಹಾಲು ಕರೆಯಲು ಆಗುತ್ತದಾ?

ಚರಂಡಿ ಮುಚ್ಚುವ ಮೊದಲು ಮೊಬೈಲಲ್ಲಿ ಉದ್ದಕ್ಕೂ ಫೋಟೋ ತೆಗೆದಿಡಿ, ಪಕ್ಕದಲ್ಲಿ ಅಳತೆ ಟೇಪ್ ಕಾಣುವ ಹಾಗೆ. ನಾನು ತೆಗೆದಿರಲಿಲ್ಲ. ಫೈಬರ್ ಹಾಕಲು ಮತ್ತೆ ತೋಡಿಸಿದಾಗ ಹಳೇ ಪೈಪು ಹುಡುಕುವುದಕ್ಕೇ ಇಬ್ಬರಿಗೆ ಅರ್ಧ ದಿನದ ಸಂಬಳ ಕೊಟ್ಟೆ.